ಹೆಡ್‌ಫೋನ್ ಹಾಕ್ಕೊಂಡು ನೋಡಿ ತಗೊಳ್ಳೋಣ ಅಂದ್ರೆ ಜಾಗ ಎಲ್ಲಿದೆ?

ಬೋಸ್ ಕಂಪನಿ 2020ರ ಜನವರಿಯಲ್ಲಿ ಉತ್ತರ ಅಮೆರಿಕ, ಯುರೋಪ್, ಜಪಾನ್, ಆಸ್ಟ್ರೇಲಿಯಾಗಳಲ್ಲಿದ್ದ ತನ್ನ 119 ಅಂಗಡಿ ಮುಚ್ತೀವಿ ಅಂದಾಗ ಸುಮಾರು ಜನ ತಲೆ ಕೆರ್ಕೊಂಡ್ರು, ಕಿವಿಗೆ ಏನೂ ಸಿಗಿಸ್ಕೊಳ್ದೆ ಓಡಾಡೋರೇ ಕಮ್ಮಿ ಆಗ್ತಿರೋ ಕಾಲದಲ್ಲಿ ಹೆಡ್‌ಫೋನ್ ಮಾರೋ ಅಂಗಡಿಗೆ ಬೀಗ ಯಾಕೆ ಅಂತ. ಕೊರೋನಾ ಕಾರಣ ಅನ್ಕೋಬೇಡಿ, ಲಾಕ್‌ಡೌನ್‌ಗಳು ಶುರುವಾಗೋಕೆ ಮುಂಚೆನೇ ಬಂದ ಘೋಷಣೆ ಅದು. ಆಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಆಪಲ್‌ನ ಇಯರ್‌ಬಡ್ ಏರ್‌ಪಾಡ್ಸ್ ಪ್ರೊ 2ನ್ನ ಹಿಯರಿಂಗ್ ಏಡ್ (ಕಿವಿಯಂತ್ರ) ಥರ ಬಳಸೋ ಸಾಫ್ಟ್‌ವೇರ್‌ಗೆ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡೋ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡ್ತು, ಅದರ ಜೊತೆಗೇ ಮನೇಲಿ ಕೂತು ಮಾಡ್ಕೊಳ್ಳೋ ಹಿಯರಿಂಗ್ ಟೆಸ್ಟೂ ಬಂತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊಂದಲ ಆಗೋದು ಸಹಜ. ಒಂದ್ಕಡೆ ಕಂಪನಿಗಳೇ ಒಬ್ಬೊಬ್ಬರ ಕಿವಿ ಒಂದೊಂದು ಥರ ಅಂತ ಹೇಳ್ಕೊಂಡು ಕಿವಿ ಅಳತೆ ತಗೊಳ್ತಿದಾವೆ, ಇನ್ನೊಂದ್ಕಡೆ ದುಡ್ಡು ಕೊಡೋಕೆ ಮುಂಚೆ ಅದೇ ಕಿವಿಗೆ ಹಾಕಿ ನೋಡೋ ಜಾಗಗಳಿಗೆ ಬಾಗಿಲು ಬೀಳ್ತಿದೆ. ಆನ್‌ಲೈನ್ ಬಂತು ಅಂಗಡಿ ಹೋಯ್ತು ಅಂತ ಒಂದೇ ಮಾತಲ್ಲಿ ಮುಗಿಸಿಬಿಡಬಹುದು, ಆದ್ರೆ ಅದು ಅರ್ಧ ಕಥೆ ಅಷ್ಟೇ. ಟ್ರಯಲ್ ಅನ್ನೋದಕ್ಕೆ ಒಂದು ಖರ್ಚಿದೆ, ಆ ಖರ್ಚನ್ನ ಯಾರು ಹೊರಬೇಕು ಅನ್ನೋ ಹಗ್ಗಜಗ್ಗಾಟದಲ್ಲಿ ಟ್ರಯಲ್ ಅಂಗಡಿಯಿಂದ ಎದ್ದು ಮನೆಗೆ ಬಂದು ಕೂತಿದೆ. ಅದರ ಪರಿಣಾಮ ನಮಗೆ ಕೇಳೋಕೆ ಸಿಗೋ ಹೆಡ್‌ಫೋನ್ ಯಾವುದು, ಸಿಗದೇ ಇರೋದು ಯಾವುದು ಅನ್ನೋದರ ಮೇಲೆ ಆಗ್ತಿದೆ.

ಅಂಗಡಿಯವನ ಲೆಕ್ಕ

ಬೋಸ್ ತನ್ನ ಮೊದಲ ಅಂಗಡಿ ತೆರೆದಿದ್ದು 1993ರಲ್ಲಿ. ಆಗ ಅವರು ಮುಖ್ಯವಾಗಿ ತೋರಿಸ್ತಿದ್ದಿದ್ದು ಸಿಡಿ, ಆಮೇಲೆ ಡಿವಿಡಿ ಇರೋ ಹೋಮ್ ಎಂಟರ್‌ಟೈನ್‌ಮೆಂಟ್ ಸಿಸ್ಟಮ್‌ಗಳನ್ನ. ಅಂಥ ದೊಡ್ಡ ಡಬ್ಬಗಳನ್ನ ಕೂತು ಕೇಳದೆ ಯಾರೂ ತಗೊಳ್ತಿರಲಿಲ್ಲ. ಕಾಲ ಕಳೀತಾ ಮಾರಾಟ ಸಣ್ಣ ಪೆಟ್ಟಿಗೆಗಳ ಕಡೆ, ಅಂದ್ರೆ ಹೆಡ್‌ಫೋನು, ಬ್ಲೂಟೂತ್ ಸ್ಪೀಕರ್ ಕಡೆ ವಾಲ್ತು, ಅವನ್ನ ಜನ ಆನ್‌ಲೈನಲ್ಲೇ ತರಿಸ್ಕೊಳ್ಳೋಕೆ ಶುರು ಮಾಡಿದ್ರು. ಹಾಗಂತ ಎಲ್ಲ ಕಡೆನೂ ಮುಚ್ಚಲಿಲ್ಲ, ಏಷ್ಯಾದ ಹಲವು ಮಾರುಕಟ್ಟೆಗಳಲ್ಲಿ ಅವರ ಅಂಗಡಿ ಉಳ್ಕೊಂಡ್ವು. ಅಂದ್ರೆ ಡೆಮೋ ಅಂಗಡಿ ಅನ್ನೋ ಐಡಿಯಾನೇ ಸತ್ತಿಲ್ಲ, ಕೆಲವು ಕಡೆ ಅದರ ಲೆಕ್ಕ ಕೂಡ್ತಿಲ್ಲ ಅಷ್ಟೇ.

ಲೆಕ್ಕ ಯಾಕೆ ಕೂಡಲ್ಲ ಅಂತ ನೋಡಿ. ಡೆಮೋಗೆ ಒಂದು ಪೀಸ್ ಬಿಚ್ಚಿದ್ರೆ ಅದನ್ನ ಹೊಸದು ಅಂತ ಮಾರೋ ಹಾಗಿಲ್ಲ. ಹತ್ತಾರು ಜನ ಹಾಕಿ ತೆಗೆದ ಮೇಲೆ ಪ್ಯಾಡ್ ಬೆವರು ಕುಡಿದು ಚಪ್ಪಟೆ ಆಗುತ್ತೆ, ಕಿವಿ ಒಳಗೆ ತೂರಿಸೋ ಇನ್-ಇಯರ್ ಆದ್ರೆ ಒಬ್ಬೊಬ್ಬರಿಗೂ ಟಿಪ್, ಅಂದ್ರೆ ತುದಿಯ ಮೆತ್ತನೆ ರಬ್ಬರ್ ಬದಲಾಯಿಸಿ ಒರೆಸ್ಬೇಕು, ವೈರ್‌ಲೆಸ್ ಆದ್ರೆ ಚಾರ್ಜ್ ಹಾಕ್ಬೇಕು, ಹಿಂದಿನವರ ಫೋನ್ ಪೇರಿಂಗ್ ತೆಗೀಬೇಕು, ಇದಕ್ಕೆಲ್ಲ ಒಬ್ಬ ಮನುಷ್ಯ ಬೇಕು, ಅವನ ಸಂಬಳ, ಜಾಗದ ಬಾಡಿಗೆ. ಇಷ್ಟೆಲ್ಲ ಮಾಡಿ ಅರ್ಧ ಗಂಟೆ ಕೂರಿಸಿ ಕೇಳಿಸಿದ ಮೇಲೆ ಗಿರಾಕಿ ಥ್ಯಾಂಕ್ಸ್ ಹೇಳಿ ಹೊರಗೆ ಹೋಗಿ ಫೋನ್ ತೆಗೆದು ಎಲ್ಲಿ ಕಮ್ಮಿಗೆ ಸಿಗುತ್ತೋ ಅಲ್ಲಿ ಆರ್ಡರ್ ಮಾಡ್ತಾನೆ. ಆ ಇನ್ನೊಬ್ಬ ಕಮ್ಮಿಗೆ ಕೊಡೋಕೆ ಆಗೋದೇ ಯಾಕಂದ್ರೆ ಅವನಿಗೆ ಡೆಮೋ ಖರ್ಚೇ ಇಲ್ಲ. ಬೇರೆಯವರು ಅಟ್ಟ ಅಡುಗೆ ಉಂಡು ಹೋಗೋ ಈ ಸಮಸ್ಯೆ ಇಂಟರ್ನೆಟ್‌ಗಿಂತ ಹಳೇದು. ಷಿಕಾಗೋದ ಅರ್ಥಶಾಸ್ತ್ರಜ್ಞ ಲೆಸ್ಟರ್ ಟೆಲ್ಸರ್ 1960ರಲ್ಲೇ ಇದನ್ನ ಬಿಡಿಸಿ ಬರೆದಿದ್ರು. ತಯಾರಕರು ತಮ್ಮ ಮಾಲಿಗೆ ಕನಿಷ್ಠ ಮಾರಾಟ ಬೆಲೆ ಕಟ್ಟೋಕೆ ಯಾಕೆ ಇಷ್ಟಪಡ್ತಾರೆ ಅಂದ್ರೆ, ಬೆಲೆ ಎಲ್ಲ ಕಡೆ ಒಂದೇ ಆದ್ರೆ ಡೆಮೋ ಕೊಡೋ ಅಂಗಡಿಗೆ ನಷ್ಟ ಆಗಲ್ಲ ಅನ್ನೋದು ಅವರ ವಾದದ ತಿರುಳು. ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಲೀಜಿನ್ ಅನ್ನೋ ಕಂಪನಿಯ ಕೇಸಲ್ಲಿ ಕನಿಷ್ಠ ಬೆಲೆ ಕಟ್ಟೋದನ್ನ ಕಣ್ಮುಚ್ಚಿ ಅಕ್ರಮ ಅನ್ನೋ ಹಳೇ ನಿಯಮ ಕೈಬಿಟ್ಟಾಗಲೂ ಈ ವಾದಾನೇ ಮುಂದಿಟ್ಟಿತು.

ಇದಕ್ಕೆ ಎದುರು ವಾದಾನೂ ಗಟ್ಟಿಯಾಗೇ ಇದೆ. ಬೆಲೆ ಕಟ್ಟಿದ್ರೆ ಡೆಮೋ ಬೇಡದವರೂ ಡೆಮೋಗೆ ದುಡ್ಡು ಕೊಟ್ಟ ಹಾಗೆ ಆಗುತ್ತೆ, ಅದೇ ಹೆಡ್‌ಫೋನ್‌ನ ಎರಡನೇ ಸಲ ತಗೊಳ್ಳೋನು ಯಾಕೆ ಕೊಡಬೇಕು? ಅಲ್ಲದೆ ಹಾಗೆ ಸಿಕ್ಕ ಮಾರ್ಜಿನ್‌ನ ಅಂಗಡಿಯವರು ನಿಜವಾಗ್ಲೂ ಡೆಮೋಗೇ ಖರ್ಚು ಮಾಡ್ತಾರೆ ಅನ್ನೋಕೆ ಗ್ಯಾರಂಟಿ ಏನೂ ಇಲ್ಲ.

ಕೇಳಿ ನೋಡೋದು ಯಾಕೆ ಬೇಕು

ಟಿವಿನೋ ಫೋನೋ ಆದ್ರೆ ಸ್ಪೆಕ್ ನೋಡಿ ತಗೋಬಹುದು, ಹೆಡ್‌ಫೋನ್‌ಗೆ ಯಾಕೆ ಇಷ್ಟು ರಗಳೆ ಅಂತ ಕೇಳೋರಿದ್ದಾರೆ. ಕಾರಣ ಏನಂದ್ರೆ ಹೆಡ್‌ಫೋನ್ ಒಂದೇ ಪೂರ್ತಿ ಯಂತ್ರ ಅಲ್ಲ, ನಿಮ್ಮ ಕಿವಿ ಅದರ ಉಳಿದರ್ಧ. ಡ್ರೈವರ್ (ಒಳಗೆ ಸದ್ದು ಹೊರಡಿಸೋ ಪುಟ್ಟ ಸ್ಪೀಕರ್), ಪ್ಯಾಡ್, ಕಿವಿಯ ಹಾಲೆ, ಕಿವಿಯ ಕೊಳವೆ ಎಲ್ಲ ಸೇರಿ ಒಂದು ಗಾಳಿಯ ಕೋಣೆ ಆಗುತ್ತೆ. ಮುಚ್ಚಿದ ಬಗೆಯ ಹೆಡ್‌ಫೋನಲ್ಲಿ ಬೇಸ್ ಕೇಳಬೇಕು ಅಂದ್ರೆ ಆ ಕೋಣೆ ಸೋರಬಾರದು. ಕನ್ನಡಕದ ಕಡ್ಡಿ ಪ್ಯಾಡ್‌ನ ಸ್ವಲ್ಪ ಎತ್ತಿ ಹಿಡಿದ್ರೆ ಸಾಕು, ಆ ಸಂದಿಯಲ್ಲಿ ಕೆಳಗಿನ ಸ್ವರಗಳು ಸೋರಿ ಹೋಗ್ತವೆ, ಅದೂ 100 ಹರ್ಟ್ಜ್ ಕೆಳಗಿನವು ಮೊದಲು. ಅದಕ್ಕೇ ಒಂದೇ ಮಾಡೆಲ್ ಬಗ್ಗೆ ಒಬ್ಬರು ಬೇಸ್ ಜಾಸ್ತಿ ಆಯ್ತು ಅಂತಾರೆ, ಇನ್ನೊಬ್ಬರು ಬೇಸೇ ಇಲ್ಲ ಅಂತಾರೆ, ಇಬ್ಬರೂ ಸುಳ್ಳು ಹೇಳ್ತಿರಲ್ಲ. ಹೊರಗಿನ ಗಲಾಟೆ ಅಳಿಸೋ ನಾಯ್ಸ್ ಕ್ಯಾನ್ಸಲಿಂಗ್ ಇರೋ ಹಲವು ಮಾಡೆಲ್‌ಗಳು ಒಳಗಿನ ಮೈಕ್‌ನಿಂದ ಈ ಸೋರಿಕೆಯನ್ನ ಅಳೆದು ಸ್ವಲ್ಪ ಸರಿದೂಗಿಸ್ತವೆ, ಆದ್ರೆ ಅದನ್ನ ಆಫ್ ಮಾಡಿದ ತಕ್ಷಣ ಹಣೆಬರಹ ಮತ್ತೆ ಅಷ್ಟೇ.

ಇನ್-ಇಯರ್ ಕಥೆ ಇನ್ನೂ ನಾಜೂಕು. ತೆರೆದ ಕಿವಿ ಕೊಳವೆ 3 ಕಿಲೋಹರ್ಟ್ಜ್ ಆಸುಪಾಸು ತಾನಾಗೇ ಸದ್ದನ್ನ ಎತ್ತಿ ಕೊಡುತ್ತೆ, ಟಿಪ್ ಹಾಕಿ ಕೊಳವೆ ಮುಚ್ಚಿದ ಕೂಡಲೇ ಆ ಏರು ಹೋಗಿ ಬೇರೆ ಕಡೆ ಇನ್ನೊಂದು ಏರು ಹುಟ್ಕೊಳ್ಳುತ್ತೆ, ಅದು ಎಲ್ಲಿ ಬರುತ್ತೆ ಅನ್ನೋದು ಟಿಪ್ ಎಷ್ಟು ಒಳಗೆ ಕೂತಿದೆ ಅನ್ನೋದರ ಮೇಲೆ. ಎರಡು ಮಿಲಿಮೀಟರ್ ಒಳಗೆ ತಳ್ಳಿದ್ರೆ ಸ, ಶ ಅಕ್ಷರಗಳ ಚುಚ್ಚುವಿಕೆ ಬದಲಾಗಿಬಿಡುತ್ತೆ. ಆಪಲ್ 2019ರಲ್ಲಿ ಮೊದಲ ಏರ್‌ಪಾಡ್ಸ್ ಪ್ರೊ ಜೊತೆ ಇಯರ್ ಟಿಪ್ ಫಿಟ್ ಟೆಸ್ಟ್ ತಂದಿದ್ದು ಈ ತೊಂದರೆಗೇ, ಒಳಗಿನ ಮೈಕ್ ಕೇಳಿಸ್ಕೊಂಡು ಟಿಪ್ ಸರಿಯಾಗಿ ಕೂತಿದೆಯೋ ಇಲ್ಲವೋ ಹೇಳುತ್ತೆ.

ಇನ್ನು ಭಾರ, ಹಿಡಿತ. ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ, ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ. ಕಾಗದದ ಮೇಲೆ ಇದು ಬರೀ ನಂಬರು, ಆದ್ರೆ ಎರಡು ಗಂಟೆ ಆದ್ಮೇಲೆ ನೆತ್ತಿ ಮೇಲೆ ಎಲ್ಲಿ ಒತ್ತುತ್ತೆ ಅನ್ನೋದು ತಲೆಯ ಆಕಾರಕ್ಕೆ ಬಿಟ್ಟಿದ್ದು. ಕೆಲವು ಸಲ ಹಗುರಾಗಿದ್ದೂ ಬಿಗಿಯಾಗಿರೋದೇ ಜಾಸ್ತಿ ಕಾಡುತ್ತೆ, ಅದನ್ನ ಯಾವ ಸ್ಪೆಕ್ ಶೀಟೂ ಹೇಳಲ್ಲ.

ಗ್ರಾಫ್ ಸಾಕು ಅನ್ನೋರು

ಈ ಜಗಳದಲ್ಲಿ ಒಂದು ಬಣ ಹೇಳೋದು, ಅಂಗಡಿನೂ ಬೇಡ ಟ್ರಯಲ್ಲೂ ಬೇಡ, ಯಾವ ಸ್ವರ ಎಷ್ಟು ಜೋರಾಗಿ ಬರುತ್ತೆ ಅಂತ ಅಳೆದು ಬಿಡಿಸಿದ ಗ್ರಾಫ್ ನೋಡಿ ತಗೊಳ್ಳಿ ಅಂತ. ಇವರ ಕೈಲಿ ಒಳ್ಳೇ ಸಾಕ್ಷಿ ಇದೆ. ಹರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ತಂಡ 2012ರಿಂದಾಚೆಗೆ ಸಾಲು ಸಾಲು ಕೇಳುವ ಪರೀಕ್ಷೆ ಮಾಡ್ತು. ಅದರಲ್ಲಿ ಒಂದು ಜಾಣತನ ಇತ್ತು. ಕೇಳೋರಿಗೆ ಬೇರೆ ಬೇರೆ ಹೆಡ್‌ಫೋನ್ ತಲೆಗೆ ಹಾಕಿದ್ರೆ ಭಾರ, ಬ್ರಾಂಡ್, ಪ್ಯಾಡ್ ಮೆತ್ತಗಿರೋದು ಎಲ್ಲ ಗೊತ್ತಾಗಿ ತೀರ್ಪು ಕೆಡುತ್ತೆ, ಅದಕ್ಕೆ ಹಲವು ಪರೀಕ್ಷೆಗಳಲ್ಲಿ ಒಂದೇ ಹೆಡ್‌ಫೋನ್ ಹಾಕಿಸಿ ಉಳಿದವುಗಳ ಸದ್ದನ್ನ ಈಕ್ವಲೈಸರ್‌ನಲ್ಲಿ (ಸ್ವರಗಳನ್ನ ಬೇರೆ ಬೇರೆಯಾಗಿ ಏರಿಸಿ ಇಳಿಸೋ ಸಾಧನ) ಅದರ ಮೇಲೇ ನಕಲು ಮಾಡಿ ಕೇಳಿಸಿದ್ರು. ಬಹಳಷ್ಟು ಜನ ಹತ್ತತ್ರ ಒಂದೇ ಥರದ ಸದ್ದನ್ನ ಮೆಚ್ಚಿದ್ರು, ಅದೇ ಇವತ್ತು ಎಲ್ಲರ ಬಾಯಲ್ಲಿರೋ ಹರ್ಮನ್ ಕರ್ವ್. ಆಮೇಲಿನ ಕೆಲಸದಲ್ಲಿ ಕೇಳುಗರನ್ನ ಗುಂಪು ಮಾಡಿದಾಗ ಸುಮಾರು 64% ಜನ ಆ ಕರ್ವ್‌ನ ಹಾಗೇ ಒಪ್ಪಿದ್ರು, ಉಳಿದವರಲ್ಲಿ ಕೆಲವರಿಗೆ ಬೇಸ್ ಇನ್ನೂ ಬೇಕಿತ್ತು, ಕೆಲವರಿಗೆ ಕಮ್ಮಿ ಬೇಕಿತ್ತು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆ ಇಟ್ಕೊಂಡು ನೋಡಿದಾಗ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ (ಅಂದ್ರೆ ಗ್ರಾಫ್ ತೋರಿಸೋ ಸ್ವರಗಳ ಏರಿಳಿತಕ್ಕೂ) ಬೆಲೆಗೂ ಸಂಬಂಧನೇ ಕಾಣಲಿಲ್ಲ. ದುಬಾರಿದು ಚೆನ್ನಾಗಿರುತ್ತೆ ಅನ್ಕೊಂಡು ಕಣ್ಮುಚ್ಚಿ ತಗೊಳ್ಳೋರಿಗೆ ಇದು ದೊಡ್ಡ ಎಚ್ಚರಿಕೆ.

ಆದ್ರೆ ಗ್ರಾಫ್ ಯಾರ ಕಿವಿದು? ಅಳತೆಗೆ ಬಳಸೋ, 1972ರಲ್ಲಿ ಬಂದ ಕೆಮಾರ್ ಅನ್ನೋ ಗೊಂಬೆ ತಲೆದೋ, ಬ್ರೂಯೆಲ್ ಆ್ಯಂಡ್ ಕ್ಯಾರ್ ಕಂಪನಿಯ 5128 ಗೊಂಬೆದೋ, ಅಂದ್ರೆ ಸರಾಸರಿ ಕಿವಿದು. ಇನ್-ಇಯರ್ ಅಳೆಯೋಕೆ ತುಂಬಾ ಕಾಲದಿಂದ ಬಳಸ್ತಿರೋ ಐಇಸಿ 60318-4 ಅನ್ನೋ ಕೃತಕ ಕಿವಿಯ ಸ್ಟಾಂಡರ್ಡ್ 10 ಕಿಲೋಹರ್ಟ್ಜ್‌ವರೆಗಷ್ಟೇ ಹೊಣೆ ಹೊರುತ್ತೆ, ಅದರಿಂದ ಮೇಲಿನ ಏರಿಳಿತ ನೋಡಿ ಅಷ್ಟುದ್ದ ವಾದ ಮಾಡೋರು ಬೇಕಾದಷ್ಟು ಜನ ಇದಾರೆ ಬಿಡಿ. ಗೊಂಬೆ ಕನ್ನಡಕ ಹಾಕಲ್ಲ, ಬೆವರಲ್ಲ, ಕಿವಿ ನೋಯ್ತಿದೆ ಅಂತಾನೂ ಹೇಳಲ್ಲ. ಹಾಗಾಗಿ ಗ್ರಾಫ್‌ನ ಉಪಯೋಗ ಇಪ್ಪತ್ತು ಮಾಡೆಲ್‌ನ ಮೂರಕ್ಕೆ ಇಳಿಸೋದ್ರಲ್ಲಿದೆ, ಆ ಮೂರರಲ್ಲಿ ನಿಮ್ಮ ತಲೆಗೆ ಕೂರೋದು ಯಾವುದು ಅಂತ ಹೇಳೋ ಶಕ್ತಿ ಅದಕ್ಕಿಲ್ಲ.

ಯೂಟ್ಯೂಬಲ್ಲಿ ಸೌಂಡ್ ಡೆಮೋ ಅಂತ ಬರೋ ವಿಡಿಯೋಗಳ ಬಗ್ಗೆ ಒಂದು ಮಾತು. ಅಲ್ಲಿ ಹೆಡ್‌ಫೋನ್ ಸದ್ದನ್ನ ಮೈಕ್‌ನಲ್ಲಿ ರೆಕಾರ್ಡ್ ಮಾಡಿರ್ತಾರೆ, ಅದನ್ನ ನೀವು ನಿಮ್ಮ ಹತ್ರ ಇರೋ ಇನ್ನೊಂದು ಹೆಡ್‌ಫೋನಲ್ಲಿ ಕೇಳ್ತೀರ. ಕಿವಿಗೆ ಬೀಳೋದು ಎರಡರ ಕಲಬೆರಕೆ. ಎರಡು ಮಾಡೆಲ್ ಮಧ್ಯೆ ವ್ಯತ್ಯಾಸ ಯಾವ ಕಡೆಗಿದೆ ಅನ್ನೋದರ ಸುಳಿವು ಸಿಗಬಹುದು, ಅದಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ.

ಗೋಡೆಗೆ ನೇತು ಹಾಕಿದ ಹೆಡ್‌ಫೋನ್ ಏನು ಹೇಳುತ್ತೆ, ಏನು ಹೇಳಲ್ಲ

ಟ್ರಯಲ್ ಬೇಕೇ ಬೇಕು ಅನ್ನೋ ಬಣದವರು ಮರೆಯೋ ವಿಷಯ ಒಂದಿದೆ. ಅಂಗಡಿಲಿ ಕೇಳಿದ್ದು ಮನೇಲಿ ಕೇಳೋ ಹಾಗಿರಲ್ಲ, ಇದಕ್ಕೆ ಕಾರಣಗಳು ಒಂದರ ಮೇಲೊಂದು ಪೇರಿಸ್ಕೊಂಡಿವೆ.

ಮೊದಲನೇದು ಗಲಾಟೆ. ಎಸಿ ಗುಂಯ್ ಅನ್ನೋದು, ಪಕ್ಕದ ಸಾಲಲ್ಲಿ ಟಿವಿ, ಜನರ ಮಾತು. ಎಸಿ, ಓಡಾಟದಂಥ ಸದ್ದು ಹೆಚ್ಚಾಗಿ ಕೆಳಗಿನ ಸ್ವರಗಳದ್ದು, ಅದು ಹಾಡಿನ ಬೇಸ್‌ನ ಮುಚ್ಚಿ ಹಾಕುತ್ತೆ. ಹಾಗಾಗಿ ಬೇಸ್ ಅತಿಯಾಗಿ ತುಂಬಿದ ಮಾಡೆಲ್ ಅಲ್ಲಿ ಹದವಾಗಿ ಕೇಳುತ್ತೆ, ಹದವಾಗಿರೋದು ಸಪ್ಪೆ ಅನ್ಸುತ್ತೆ. ಹಿಂಬದಿ ತೆರೆದಿರೋ (ಓಪನ್ ಬ್ಯಾಕ್) ಹೆಡ್‌ಫೋನ್‌ಗಳ ಪಾಡಂತೂ ಕೇಳೋದೇ ಬೇಡ. ಸೆನ್‌ಹೈಸರ್ ಎಚ್‌ಡಿ 600, 1997ರಿಂದ ಇವತ್ತಿನವರೆಗೂ ಹೆಸರು ಉಳಿಸ್ಕೊಂಡಿರೋ ಮಾಡೆಲ್, ಅದನ್ನ ಗಿಜಿಗುಡೋ ಮಳಿಗೆಲಿ ಫೋನ್‌ಗೆ ಸಿಗಿಸಿ ಕೇಳಿದ್ರೆ ಇದರಲ್ಲೇನಿದೆ ಅಂತ ಕೆಳಗಿಟ್ಟು ಹೋಗ್ತೀರ, ಯಾಕಂದ್ರೆ ಒಳಗೆ ಗಲಾಟೆ ಬರ್ತಿದೆ, ಮೇಲಿಂದ ಅದರ ವಿದ್ಯುತ್ ತಡೆ 300 ಓಮ್, ಫೋನ್‌ನ ಪುಟ್ಟ ಆಂಪ್ಲಿಫೈಯರ್‌ಗೆ ಅದರಿಂದ ಸಾಕಷ್ಟು ಸದ್ದು ಹೊರಡಿಸೋದು ಕಷ್ಟ.

ಅಲ್ಲಿಂದ ಎರಡನೇ ಸಮಸ್ಯೆ ಹುಟ್ಟುತ್ತೆ, ವಾಲ್ಯೂಮ್. ಒಂದು ಹೆಡ್‌ಫೋನ್ ಇನ್ನೊಂದಕ್ಕಿಂತ ಒಂಚೂರು ಜೋರಾಗಿದ್ರೆ ನಮ್ಮ ಮೆದುಳು ಅದನ್ನ ಜೋರು ಅಂತ ಗುರುತಿಸದೆ ಚೆನ್ನಾಗಿದೆ ಅಂತ ಗುರುತಿಸುತ್ತೆ. ಜೋರಾದಷ್ಟೂ ಬೇಸ್ ತುಂಬಿದ ಹಾಗೆ ಕೇಳಿಸುತ್ತೆ, ಇದನ್ನ ಬೆಲ್ ಲ್ಯಾಬ್ಸ್‌ನ ಫ್ಲೆಚರ್, ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ರು. ಡೆಮೋ ಗೋಡೆ ಮೇಲೆ ಅಕ್ಕಪಕ್ಕ ಇರೋ ಎರಡು ಮಾಡೆಲ್‌ಗೆ ಒಂದೇ ವಾಲ್ಯೂಮ್ ನಂಬರ್ ಇಟ್ರೂ ಎರಡರ ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಸದ್ದು ಮಾಡುತ್ತೆ ಅನ್ನೋದು) ಬೇರೆ ಆದ್ದರಿಂದ ಸದ್ದು ಒಂದೇ ಆಗಿರಲ್ಲ, ಗೆಲ್ಲೋದು ಸಾಮಾನ್ಯವಾಗಿ ಜೋರಾಗಿರೋದೇ. ಗಲಾಟೆ ಮೀರಿಸೋಕೆ ಜನ ಇನ್ನೂ ಏರಿಸ್ತಾರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಸೇಫ್ ಅನ್ನೋದು ವಾರಕ್ಕೆ 40 ಗಂಟೆ 80 ಡೆಸಿಬಲ್, ಜೋರಾದಷ್ಟೂ ಆ ಗಂಟೆಗಳು ಬೇಗ ಬೇಗ ಕಮ್ಮಿ ಆಗ್ತವೆ.

ಆಮೇಲೆ ಡೆಮೋ ಪೀಸ್‌ನ ಅವಸ್ಥೆ ನೋಡಿ. ಕಳ್ಳತನ ತಡೆಯೋ ಕೇಬಲ್ ಒಂದು ಕಪ್‌ನ ಕೆಳಗೆ ಎಳೀತಾ ಇರುತ್ತೆ, ಆ ಕಡೆ ಪ್ಯಾಡ್ ಕೂತ್ಕೊಳ್ಳೋದೇ ಇಲ್ಲ, ಬೇಸ್ ಸೋರುತ್ತೆ. ಬ್ಯಾಟರಿ ಸತ್ತಿದ್ರೆ ವೈರ್‌ನಲ್ಲಿ ಹಾಡ್ತಿರುತ್ತೆ, ಹಲವು ವೈರ್‌ಲೆಸ್ ಮಾಡೆಲ್‌ಗಳ ಸದ್ದನ್ನ ತಿದ್ದೋದು ಒಳಗಿನ ಚಿಪ್ಪು, ಪವರ್ ಇಲ್ಲದಾಗ ಅದು ಬೇರೆ ಹೆಡ್‌ಫೋನೇ ಆಗಿಬಿಡುತ್ತೆ. ಆ್ಯಪ್‌ನಲ್ಲಿರೋ ಈಕ್ವಲೈಸರ್ ಮುಟ್ಟೋ ಹಾಗಿಲ್ಲ. ಕೇಳ್ಸೋದು ಕಂಪನಿಯವರೇ ಆರಿಸಿದ ಹಾಡು, ಯಾವ ದೌರ್ಬಲ್ಯಾನೂ ಹೊರಗೆ ಬರದ ಹಾಗೆ ಆರಿಸಿದ್ದು. ಕಾಲ್ ಮಾಡಿದಾಗ ಎದುರಿನವರಿಗೆ ನಿಮ್ಮ ದನಿ ಹೇಗೆ ಕೇಳುತ್ತೆ ಅಂತ ಪರೀಕ್ಷೆ ಮಾಡೋರು ಯಾರು, ಆದ್ರೆ ದಿನಾ ಮೀಟಿಂಗ್‌ನಲ್ಲಿರೋರಿಗೆ ಅದೇ ಮುಖ್ಯ.

ನನ್ನ ಪ್ರಕಾರ ಹತ್ತು ನಿಮಿಷದ ಅಂಗಡಿ ಟ್ರಯಲ್ ಬೇಡದ್ದನ್ನ ತಳ್ಳಿ ಹಾಕೋಕೆ ಪಕ್ಕಾ, ಬೇಕಾದ್ದನ್ನ ಆರಿಸೋಕೆ ನಂಬಿಕಸ್ಥ ಅಲ್ಲ. ಕಿವಿ ಹಾಲೆ ಪ್ಯಾಡ್‌ಗೆ ತಗುಲಿ ಮಡಿಚ್ಕೊಳ್ತಿದೆ, ಕನ್ನಡಕ ಒತ್ತುತ್ತೆ, ಟಿಪ್ ಯಾವ ಸೈಜೂ ನಿಲ್ತಿಲ್ಲ, ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿದ್ರೆ ಕಿವಿ ಕಟ್ಟಿದ ಹಾಗಾಗಿ ತಲೆ ಸುತ್ತುತ್ತೆ, ಇವೆಲ್ಲ ಅಲ್ಲೇ ಗೊತ್ತಾಗುತ್ತೆ. ಸದ್ದು ಇಷ್ಟ ಆಯ್ತಾ ಅನ್ನೋದು ಗೊತ್ತಾಗೋಕೆ ದಿನಗಳು ಬೇಕು. ಸದ್ದಿನ ಸೂಕ್ಷ್ಮಗಳ ನೆನಪು ಬಹಳ ಬೇಗ ಅಳಿಯುತ್ತೆ, ಹೊಸ ಸದ್ದಿಗೆ ಕಿವಿ ಒಗ್ಗಿಕೊಳ್ಳೋದು ನಿಧಾನ, ಈ ಎರಡರ ಮಧ್ಯೆ ಮೊದಲ ಇಂಪ್ರೆಶನ್ ಅನ್ನೋದು ಯಾವಾಗ್ಲೂ ಚುರುಕಾದ, ಮೇಲಿನ ಸ್ವರ ಎತ್ತಿ ಹಿಡಿದ ಹೆಡ್‌ಫೋನ್ ಕಡೆ ವಾಲುತ್ತೆ, ಅದೇ ಹೆಡ್‌ಫೋನ್ ಆಮೇಲೆ ಸುಸ್ತು ಮಾಡುತ್ತೆ.

ಹಾಗಾದ್ರೆ ಎಲ್ಲೆಲ್ಲಿ ಹುಡುಕೋದು

ಹೆಡ್‌ಫೋನ್ ಟ್ರಯಲ್ ಅಂದ ಕೂಡಲೇ ಎಲ್ಲರೂ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆ ಕಡೆ ಓಡ್ತಾರೆ. ಅಲ್ಲಿನ ಗೋಡೆ ಮೇಲೆ ಇರೋದು ಹೆಚ್ಚಾಗಿ ಡಿಸ್‌ಪ್ಲೇಗೆ ಖರ್ಚು ಮಾಡೋಕೆ ಆಗೋ ಬ್ರಾಂಡ್‌ಗಳು. ಸ್ಯಾಮ್‌ಸಂಗ್ ಕೈಲಿರೋ ಹರ್ಮನ್ ಹತ್ರ ಜೆಬಿಎಲ್, ಎಕೆಜಿ ಮೊದಲೇ ಇದ್ವು, 2025ರಲ್ಲಿ ಬೋವರ್ಸ್ ಆ್ಯಂಡ್ ವಿಲ್ಕಿನ್ಸ್, ಡೆನಾನ್ ಕೂಡ ಅದರ ಬುಟ್ಟಿಗೆ ಬಿದ್ವು. ಅಂದ್ರೆ ಗೋಡೆ ಮೇಲೆ ನಾಲ್ಕು ಹೆಸರು ಕಂಡ್ರೂ ಹಿಂದೆ ಇರೋ ಜೇಬು ಒಂದೇ ಆಗಿರಬಹುದು. ನಾಲ್ಕೂ ಒಂದೇ ಥರ ಕೇಳ್ತವೆ ಅಂತಲ್ಲ, ಸಣ್ಣ ಕಂಪನಿಗೆ ಆ ಗೋಡೆ ಮೇಲೆ ಮೊಳೆ ಹೊಡೆಯೋ ಜಾಗ ಸಿಗೋದು ಕಷ್ಟ ಅಂತ.

ಜನ ಅಷ್ಟಾಗಿ ಯೋಚಿಸದ ಜಾಗ ಸಂಗೀತ ವಾದ್ಯ, ರೆಕಾರ್ಡಿಂಗ್ ಸಾಮಾನು ಮಾರೋ ಅಂಗಡಿ. ಸೋನಿ ಎಂಡಿಆರ್-7506, ಬೇಯರ್‌ಡೈನಾಮಿಕ್ ಡಿಟಿ 770, ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಥರದ ವೈರ್ ಹೆಡ್‌ಫೋನ್‌ಗಳು ಅಲ್ಲಿ ಇರೋ ಸಾಧ್ಯತೆ ಜಾಸ್ತಿ, ಸಿಗಿಸೋಕೆ ಸರಿಯಾದ ಆಡಿಯೋ ಇಂಟರ್‌ಫೇಸೂ (ರೆಕಾರ್ಡಿಂಗ್‌ಗೆ ಬಳಸೋ ಸೌಂಡ್ ಡಬ್ಬ) ಪಕ್ಕದಲ್ಲೇ ಇರುತ್ತೆ. ಇವೆಲ್ಲ ಹಳೇ ಮಾಡೆಲ್‌ಗಳು, ಡಿಟಿ 770 ಅಂತೂ 1985ರದ್ದು, ವರ್ಷ ವರ್ಷ ಮಾಡೆಲ್ ಬದಲಾಗದೇ ಇರೋದ್ರಿಂದ ಅಂಗಡಿಗೆ ಡೆಮೋ ಪೀಸ್ ಇಡೋ ಖರ್ಚು ಬಹಳ ವರ್ಷಕ್ಕೆ ಹಂಚಿ ಹೋಗುತ್ತೆ. ಪ್ರತಿ ವರ್ಷ ಹೊಸ ಮಾಡೆಲ್ ಬರೋ ವೈರ್‌ಲೆಸ್ ಲೋಕದಲ್ಲಿ ಈ ಅನುಕೂಲ ಇಲ್ಲ. ಹೈ-ಫೈ ಅಂಗಡಿಗಳ ಕೇಳುವ ಕೋಣೆ ಇದಕ್ಕಿಂತ ಚೆನ್ನಾಗಿರುತ್ತೆ, ಶಾಂತವಾಗಿರುತ್ತೆ, ಕೆಲವು ಕಡೆ ಮೊದಲೇ ಫೋನ್ ಮಾಡಿ ಟೈಮ್ ತಗೋಬೇಕು. ಅಲ್ಲಿ ಒಂದು ಅಲಿಖಿತ ಒಪ್ಪಂದ ಇದೆ, ಅರ್ಧ ದಿನ ಕೂತು ಕೇಳಿ ಇಷ್ಟ ಆಗಿದ್ದನ್ನ ಅಲ್ಲೇ ತಗೊಳ್ಳೋದು. ಸ್ವಲ್ಪ ಬೆಲೆ ಹೆಚ್ಚಾದ್ರೂ ಆ ಕೋಣೆಯ ಬಾಡಿಗೆ ಅಂತ ಅನ್ಕೊಳ್ಳಿ, ಹಾಗೆ ಮಾಡದವರು ಜಾಸ್ತಿ ಆದಷ್ಟೂ ಆ ಕೋಣೆಗಳು ಕಮ್ಮಿ ಆಗ್ತವೆ.

ವಿಮಾನ ನಿಲ್ದಾಣದ ಎಲೆಕ್ಟ್ರಾನಿಕ್ಸ್ ಅಂಗಡಿ ತಗೊಳ್ಳೋಕೆ ಒಳ್ಳೇದೋ ಅಲ್ವೋ ಬೇರೆ ಮಾತು, ನಾಯ್ಸ್ ಕ್ಯಾನ್ಸಲಿಂಗ್ ಪರೀಕ್ಷೆಗಂತೂ ಒಳ್ಳೇ ಜಾಗ. ಈ ತಂತ್ರ ಒಂದೇ ಸಮ ಬರೋ ತಗ್ಗು ಸದ್ದನ್ನ ಚೆನ್ನಾಗಿ ಅಳಿಸುತ್ತೆ, ಪಾತ್ರೆ ಬಿದ್ದ ಹಾಗೆ ದಿಢೀರ್ ಬರೋ ಸದ್ದು, ಮಾತಿನ ಮೇಲಿನ ಸ್ವರಗಳ ಮುಂದೆ ಅದರ ಆಟ ಅಷ್ಟು ನಡೆಯಲ್ಲ. ಅಲ್ಲಿ ಎರಡೂ ಒಟ್ಟಿಗೆ ಇರುತ್ತೆ. ನಿಶ್ಶಬ್ದ ಶೋರೂಮಲ್ಲಿ ಎಲ್ಲ ಮಾಡೆಲ್ಲೂ ಒಂದೇ ಅನ್ಸುತ್ತೆ.

ಒಂದೇ ದಿನ ಹತ್ತಾರು ಬ್ರಾಂಡ್ ಕೇಳ್ಬೇಕು ಅಂದ್ರೆ ಎಕ್ಸ್‌ಪೋಗಳಿವೆ, ಕ್ಯಾನ್‌ಜಾಮ್ ಹೆಸರಲ್ಲಿ ನ್ಯೂಯಾರ್ಕ್, ಲಂಡನ್, ಸಿಂಗಾಪುರದಂಥ ಊರುಗಳಲ್ಲಿ ನಡೆಯುತ್ತೆ. ಮೇಜಿಗೊಂದು ಕಂಪನಿ, ತಯಾರಿಸಿದವರೇ ಎದುರಿಗೆ. ಗಲಾಟೆ ಮಾತ್ರ ಭಯಂಕರ, ಓಪನ್ ಬ್ಯಾಕ್ ಹೆಡ್‌ಫೋನ್ ಕೇಳೋಕೆ ಹೋದ್ರೆ ಪಕ್ಕದ ಮೇಜಿನ ಮಾತೇ ಜಾಸ್ತಿ ಕೇಳುತ್ತೆ. ಇನ್-ಇಯರ್ ಪ್ರಿಯರಿಗೆ ಹಬ್ಬ, ಸ್ವಂತ ಟಿಪ್ ಜೇಬಲ್ಲಿ ತಗೊಂಡು ಹೋಗಿ, ಕಿವಿಗೂ ಒಳ್ಳೇದು ಹೋಲಿಕೆಗೂ ಒಳ್ಳೇದು. ಇದರ ಸಣ್ಣ ರೂಪ ಹವ್ಯಾಸಿಗಳು ಸೇರ್ಕೊಂಡು ನಡೆಸೋ ಮೀಟ್. ಅದೂ ಇಲ್ಲ ಅಂದ್ರೆ ಸ್ನೇಹಿತರು, ಆಫೀಸಿನವರು, ಯಾರ ಹತ್ರ ಆ ಮಾಡೆಲ್ ಇದೆಯೋ ಅವರನ್ನೇ ಒಂದು ಸಂಜೆಗೆ ಕೇಳಿ. ಇದಕ್ಕಿಂತ ಒಳ್ಳೇ ಟ್ರಯಲ್ ಯಾವ ಶೋರೂಮೂ ಕೊಡಲ್ಲ.

ಎಲ್ಲೇ ಹೋದ್ರೂ ನಿಮ್ಮ ಫೋನು, ನಿಮಗೆ ಬಾಯಿಪಾಠ ಆಗಿರೋ ಎರಡು ಮೂರು ಹಾಡು, ನಿಮ್ಮ ಕನ್ನಡಕ ಜೊತೇಲಿರಲಿ. ಮೊದಲು ಹಾಡು ಹಾಕದೆ ಸುಮ್ಮನೆ ಹಾಕ್ಕೊಂಡು ತಲೆ ಬಗ್ಗಿಸಿ, ದವಡೆ ಆಡಿಸಿ ನೋಡಿ, ಪ್ಯಾಡೋ ಟಿಪ್ಪೋ ಕಿವಿ ಬಿಟ್ಟು ಸಂದಿ ಆಗುತ್ತಾ ಅನ್ನೋದು ಆಗಲೇ ಗೊತ್ತಾಗುತ್ತೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಾಡುಗಾರರ ದನಿ ಎರಡರಲ್ಲೂ ಅಷ್ಟೇ ಜೋರಿರೋ ಹಾಗೆ ವಾಲ್ಯೂಮ್ ಹೊಂದಿಸ್ಕೊಂಡು ಆಮೇಲೆ ತೀರ್ಪು ಕೊಡಿ.

ಮನೆಯೇ ಶೋರೂಮ್ ಆದಾಗ

ಅಂಗಡಿ ಹೋದ ಜಾಗಕ್ಕೆ ಬಂದಿದ್ದು ರಿಟರ್ನ್ ವಿಂಡೋ. ತರಿಸ್ಕೊಳ್ಳಿ, ಕೇಳಿ, ಬೇಡ ಅಂದ್ರೆ ವಾಪಸ್ ಕಳಿಸಿ. ಶಾಂತವಾದ ನಿಮ್ಮದೇ ಕೋಣೆ, ನಿಮ್ಮದೇ ಹಾಡು, ದಿನಗಟ್ಟಲೆ ಟೈಮು, ಟ್ರಯಲ್ ಆಗಿ ನೋಡಿದ್ರೆ ಇದು ಅಂಗಡಿಗಿಂತ ಎಷ್ಟೋ ಮೇಲು. ಜಗಳ ಇರೋದು ಆ ವಾಪಸ್ ಹೋದ ಡಬ್ಬದ ಬಗ್ಗೆ.

ಮಾರೋರು ಹೇಳೋದು, ಕಿವಿಯೊಳಗೆ ಹೋಗಿ ಬಂದ ವಸ್ತುವನ್ನ ಇನ್ನೊಬ್ಬರಿಗೆ ಹೇಗೆ ಮಾರೋದು, ಇದು ಶುಚಿತ್ವದ ವಿಷಯ ಅಂತ. ಗ್ರಾಹಕರ ಪರ ಇರೋರು ಕೇಳೋದು, ಡಬ್ಬ ಬಿಚ್ಚದೆ ಟಿಪ್ ಕೂರುತ್ತಾ ಇಲ್ವಾ ಅಂತ ತಿಳ್ಕೊಳ್ಳೋದು ಹೇಗೆ? ಎರಡೂ ನ್ಯಾಯವಾದ ಮಾತೇ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿ ಈ ತಿಕ್ಕಾಟ ಎದ್ದು ಕಾಣುತ್ತೆ. ಆನ್‌ಲೈನ್ ಖರೀದಿಗೆ 14 ದಿನದ ವಾಪಸಾತಿ ಹಕ್ಕು ಕೊಡುತ್ತೆ, ಆದ್ರೆ ಆರೋಗ್ಯ ಅಥವಾ ಶುಚಿತ್ವದ ಕಾರಣಕ್ಕೆ ವಾಪಸ್ ತಗೊಳ್ಳೋಕೆ ಆಗದ, ಸೀಲ್ ಒಡೆದ ವಸ್ತುಗಳಿಗೆ ಆ ಹಕ್ಕಿಲ್ಲ ಅನ್ನುತ್ತೆ. ಯಾವುದು ಶುಚಿತ್ವದ ವಸ್ತು ಅನ್ನೋ ಪಟ್ಟಿ ಅದರಲ್ಲಿಲ್ಲ. 2019ರ ಮಾರ್ಚ್‌ನಲ್ಲಿ ಒಕ್ಕೂಟದ ನ್ಯಾಯಾಲಯದ ಮುಂದೆ ಹಾಸಿಗೆಯ ಕೇಸ್ ಬಂತು, ಮೇಲಿನ ಪ್ಲಾಸ್ಟಿಕ್ ತೆಗೆದ ಹಾಸಿಗೆ ವಾಪಸ್ ಮಾಡಬಹುದಾ ಅಂತ. ಮಾಡಬಹುದು ಅಂತು ಕೋರ್ಟು, ಹಾಕಿ ನೋಡಿದ ಬಟ್ಟೆಯ ಹಾಗೆ ಹಾಸಿಗೆಯನ್ನೂ ಶುಚಿ ಮಾಡಿ ಮತ್ತೆ ಮಾರಬಹುದು ಅನ್ನೋ ತರ್ಕದಲ್ಲಿ. ಆ ತೀರ್ಪು ಇಯರ್‌ಬಡ್ ಬಗ್ಗೆ ಅಲ್ಲ, ಆದ್ರೆ ಅದೇ ತರ್ಕ ಹಿಡಿದು ನಡೆದ್ರೆ ತಲೆ ಮೇಲೆ ಹಾಕೋ ಹೆಡ್‌ಫೋನ್ ಸುಲಭವಾಗಿ ಪಾಸಾಗುತ್ತೆ, ಇನ್-ಇಯರ್ ಮಾತ್ರ ಟಿಪ್ ಬದಲಾಯಿಸಿದ್ರೂ ಜಾಲರಿಯೊಳಗೆ ಸೇರಿದ ಕಿವಿ ಗುಗ್ಗೆಗೆ ಏನ್ಮಾಡೋದು ಅನ್ನೋ ಪ್ರಶ್ನೆಲಿ ಸಿಕ್ಕಾಕ್ಕೊಳ್ಳುತ್ತೆ.

ಅದೇ ನಿರ್ದೇಶನದಲ್ಲಿ ಇನ್ನೊಂದು ಮಾತಿದೆ, ಓದಿದ್ರೆ ನಗು ಬರುತ್ತೆ. ಗ್ರಾಹಕರು ತರಿಸ್ಕೊಂಡ ವಸ್ತುವನ್ನ ಅಂಗಡಿಲಿ ಎಷ್ಟು ಮುಟ್ಟಿ ನೋಡೋಕೆ ಬಿಡ್ತಾರೋ ಅಷ್ಟೇ ಮುಟ್ಟಿ ನೋಡಬೇಕು, ಅದಕ್ಕಿಂತ ಹೆಚ್ಚು ಬಳಸಿ ಬೆಲೆ ಇಳಿದ್ರೆ ಆ ನಷ್ಟ ಅವರದ್ದು ಅಂತ. ಅಂಗಡಿಲಿ ಟ್ರಯಲ್ಲೇ ಇಲ್ಲದಿದ್ರೆ ಅಳತೆಗೋಲು ಎಲ್ಲಿಂದ ತರೋದು? ಮನೆಯ ಟ್ರಯಲ್‌ಗೆ ಗೆರೆ ಎಳೆಯೋಕೆ ಕಾನೂನು ನಂಬ್ಕೊಂಡಿರೋದು ಅಂಗಡಿಯ ಟ್ರಯಲ್‌ನೇ, ಅದು ದಿನೇ ದಿನೇ ಸವೀತಿದೆ.

ವಾಪಸ್ ಬಂದ ಪೀಸ್‌ನ ಸಾಗಿಸಿ, ಪರೀಕ್ಷೆ ಮಾಡಿ, ಪ್ಯಾಡ್ ಬದಲಾಯಿಸಿ ಕಮ್ಮಿ ಬೆಲೆಗೆ ಮಾರೋ ಖರ್ಚು ಮತ್ತೆ ಎಲ್ಲರ ಬೆಲೆಯಲ್ಲೇ ಸೇರಿಕೊಳ್ಳುತ್ತೆ. ಅಂಗಡಿ ಬಾಡಿಗೆ ಹೋಗಿ ಕೊರಿಯರ್ ಬಾಡಿಗೆ ಬಂತು. ಒಂದು ವ್ಯತ್ಯಾಸ ಏನಂದ್ರೆ, ಮೊದಲು ಆ ಖರ್ಚು ಅಂಗಡಿಗೆ ಹೋಗೋ ಗಿರಾಕಿಯ ಬಿಲ್ಲಲ್ಲಿತ್ತು, ಈಗ ಒಂದೇ ಸಲ ತಗೊಂಡು ಸುಮ್ಮನಿರೋನೂ ನಾಲ್ಕು ತರಿಸಿ ಮೂರು ವಾಪಸ್ ಕಳಿಸೋನ ಟ್ರಯಲ್‌ಗೆ ದುಡ್ಡು ಕೊಡ್ತಿದಾನೆ.

ಇಲ್ಲಿಂದ ಮುಂದೆ

ದೊಡ್ಡ ಕಂಪನಿಗಳಿಗೆ ಇದರಿಂದ ಹೊರಬರೋ ದಾರಿ ಕಾಣಿಸಿದೆ, ಗಿರಾಕಿ ಹೆಡ್‌ಫೋನ್ ಆರಿಸೋ ಬದಲು ಹೆಡ್‌ಫೋನೇ ಗಿರಾಕಿಗೆ ಹೊಂದ್ಕೊಳ್ಳೋದು. ಫಿಟ್ ಟೆಸ್ಟ್, ಹಿಯರಿಂಗ್ ಟೆಸ್ಟ್, 2022ರಲ್ಲಿ ಐಓಎಸ್ 16 ಜೊತೆ ಬಂದ ಫೋನ್ ಕ್ಯಾಮೆರಾದಲ್ಲಿ ಕಿವಿ ಸ್ಕ್ಯಾನ್ ಮಾಡೋ ಸೌಲಭ್ಯ, ಎಲ್ಲದರ ದಿಕ್ಕೂ ಒಂದೇ. ಕಿವಿಯಂತ್ರ ತಯಾರಿಸೋ ಸೋನೋವಾ 2022ರಲ್ಲಿ ಸೆನ್‌ಹೈಸರ್‌ನ ಗ್ರಾಹಕ ವಿಭಾಗವನ್ನ ತಗೊಂಡಿದ್ದೂ ಈ ಎರಡು ಲೋಕ ಹತ್ರ ಬರ್ತಿರೋದರ ಗುರುತೇ. ಸದ್ದು ಸಾಫ್ಟ್‌ವೇರಲ್ಲಿ ತಿದ್ದಬಹುದು ಅನ್ನೋದಾದ್ರೆ ಅಂಗಡಿ ಟ್ರಯಲ್‌ನ ಅರ್ಧ ಕೆಲಸ ಬೇಡವಾಗುತ್ತೆ. ಉಳಿಯೋದು ತಿದ್ದೋಕೆ ಆಗದ ಅರ್ಧ, ಭಾರ, ಬಿಗಿತ, ಬಿಸಿ, ಕಿವಿಗೆ ಕೂರೋದು.

ಪೆಟ್ಟು ಬೀಳೋದು ಸಣ್ಣ ಕಂಪನಿಗಳಿಗೆ, ಮುಖ್ಯವಾಗಿ ಚಿಪ್ಪು, ಆ್ಯಪ್ಪು ಇಲ್ಲದ ವೈರ್ ಹೆಡ್‌ಫೋನ್ ಮಾಡೋರಿಗೆ. ಅವರಿಗೆ ಗೋಡೆ ಮೇಲೆ ಜಾಗ ಇಲ್ಲ, ವಾಪಸಾತಿ ಖರ್ಚು ತಡ್ಕೊಳ್ಳೋ ಶಕ್ತಿನೂ ಇಲ್ಲ. ಅವರ ಮಾಲು ಕೇಳೋಕೆ ಸಿಗೋದು ಎಕ್ಸ್‌ಪೋದಲ್ಲಿ, ಮೀಟಲ್ಲಿ, ಇನ್ನೊಬ್ಬ ಹವ್ಯಾಸಿಯ ಮನೇಲಿ. ಹಾಗಾಗಿ ಅವರ ಗಿರಾಕಿಗಳು ಗ್ರಾಫ್ ಮತ್ತೆ ರಿವ್ಯೂ ಮೇಲೆ ಇನ್ನೂ ಜಾಸ್ತಿ ನೇತು ಬೀಳ್ತಾರೆ, ಕಂಪನಿಗಳೂ ಗ್ರಾಫ್‌ನಲ್ಲಿ ಚೆಂದ ಕಾಣೋ ಹಾಗೆ ಟ್ಯೂನ್ ಮಾಡೋಕೆ ಶುರು ಮಾಡ್ತವೆ. ಹಿಡಿತ ಹೇಗಿದೆ ಅಂತ ಗ್ರಾಫ್ ತೋರಿಸಲ್ಲವಾದ್ರಿಂದ ಅದರ ಮೇಲೆ ಖರ್ಚು ಮಾಡೋಕೆ ಅವರಿಗೆ ಕಾರಣಾನೂ ಕಮ್ಮಿ.

ಇನ್ನೊಂದು ಪರಿಣಾಮ ವಾಪಸಾತಿ ನಿಯಮಗಳಲ್ಲೇ ಕಾಣೋ ಸಾಧ್ಯತೆ ಇದೆ. ಟ್ರಯಲ್ ಭಾರ ಎಲ್ಲ ಅಲ್ಲಿಗೇ ಬಿದ್ದ ಮೇಲೆ ಷರತ್ತುಗಳು ಬಿಗಿ ಆಗ್ತಾ ಹೋಗಬಹುದು. ಹಾಗಾಗಿ ಆರ್ಡರ್ ಒತ್ತೋಕೆ ಮುಂಚೆ ನೋಡ್ಬೇಕಾದ್ದು ಎಷ್ಟು ದಿನ ಅನ್ನೋದಷ್ಟೇ ಅಲ್ಲ. ಇಯರ್‌ಬಡ್‌ಗೆ ಬೇರೆ ನಿಯಮ ಇದೆಯಾ, ಸೀಲ್ ಅಂದ್ರೆ ಹೊರಗಿನ ಡಬ್ಬದ್ದಾ ಇಲ್ಲ ಒಳಗಿನ ಪೊಟ್ಟಣದ್ದಾ, ವಾಪಸ್ ಕಳಿಸೋ ಕೊರಿಯರ್ ಖರ್ಚು ಯಾರದ್ದು, ದುಡ್ಡು ಅಕೌಂಟ್‌ಗೆ ಬರುತ್ತಾ ಇಲ್ಲ ಅವರದ್ದೇ ವ್ಯಾಲೆಟ್‌ಗಾ ಅಂತಾನೂ ಓದ್ಕೊಳ್ಳಿ. ಡಬ್ಬದೊಳಗೆ ಬರೋ ಹೆಚ್ಚುವರಿ ಟಿಪ್‌ಗಳಲ್ಲಿ ನಿಮಗೆ ಬೇಕಾದ ಸೈಜ್ ಒಂದನ್ನ ಬಿಟ್ಟು ಉಳಿದವನ್ನ ಬಿಚ್ಚೋಕೆ ಹೋಗ್ಬೇಡಿ, ಬಿಲ್ಲು, ಡಬ್ಬ, ಪ್ಲಾಸ್ಟಿಕ್ ಎಲ್ಲ ಗಡುವು ಮುಗಿಯೋವರೆಗೂ ಹಾಗೇ ಎತ್ತಿಟ್ಟಿರಿ.